ಬೆಡ್ ಮೊದಲು, ವಿಮಾನ ಕೊನೆಗೆ

ರೋಗಿಯನ್ನು ಏರ್ ಆಂಬ್ಯುಲೆನ್ಸ್‌ನಲ್ಲಿ ಇನ್ನೊಂದು ಆಸ್ಪತ್ರೆಗೆ ಸಾಗಿಸುವ ಕೇಸ್ ಬಂದ ಕೂಡಲೇ ಎಲ್ಲರೂ ವಿಮಾನ ಹುಡುಕಲು ಹೊರಡುತ್ತಾರೆ. ಮೊದಲ ಎರಡು ವರ್ಷ ನಾನೂ ಅದನ್ನೇ ಮಾಡಿದೆ. ಈಗ ವಿಮಾನ ಬುಕ್ ಮಾಡುವುದು ಕಟ್ಟಕಡೆಗೆ. ಇದನ್ನು ಹೇಳಿದಾಗ ಜೊತೆಯವರು ತಲೆ ಅಲ್ಲಾಡಿಸಿದರು, "ಅಷ್ಟರಲ್ಲಿ ವಿಮಾನ ಕೈತಪ್ಪುತ್ತೆ" ಅಂದರು. ಹೀಗೆ ಸಾಗಿಸಿದ ಕೇಸ್‌ಗಳು ಈಗ ನಲವತ್ತರ ಹತ್ತಿರ ಬಂದಿವೆ. ವಿಮಾನ ಕೈತಪ್ಪಿದ್ದು ಎರಡೇ ಸಲ, ಎರಡೂ ಸಲ ಮೂರು ಗಂಟೆಯೊಳಗೆ ಬೇರೆಯದು ಸಿಕ್ಕಿತು.

ಈ ಕ್ರಮ ಕಲಿಸಿದ್ದು ಒಂದು ಕೆಟ್ಟ ರಾತ್ರಿ. ರೋಗಿ ವೆಂಟಿಲೇಟರ್ ಮೇಲೆ, ಮುಂಗಡ ಕಟ್ಟಿಯಾಗಿದೆ, ವಿಮಾನ ಬಂದು ನಿಂತಿದೆ. ಆ ಕಡೆಯ ಆಸ್ಪತ್ರೆ ಫೋನಿನಲ್ಲಿ "ಬೆಡ್ ಇದೆ" ಅಂದಿತ್ತು. ನಾವು ಹೊರಡುವ ಹೊತ್ತಿಗೆ ಅದು ಬೇರೆಯವರಿಗೆ ಹೋಗಿತ್ತು. ಇನ್ನೊಂದು ಬೆಡ್ ಹುಡುಕುವಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಅವಧಿ ಮುಗಿಯಿತು, ಇಳಿಯಬೇಕಿದ್ದ ನಿಲ್ದಾಣ ರಾತ್ರಿಗೆ ಮುಚ್ಚಿತು. ಪಾರ್ಕಿಂಗ್, ಕಾದದ್ದಕ್ಕೆ ಬಾಡಿಗೆ, ಸಿಬ್ಬಂದಿಯ ರೂಮು ಎಲ್ಲ ಸೇರಿ ಬಿಲ್ ಹೆಚ್ಚುಕಡಿಮೆ ಕಾಲು ಪಾಲು ಏರಿತು. ಆ ಮನೆಯವರು ಸಾಲ ಮಾಡಿ ತಂದಿದ್ದ ದುಡ್ಡು ಅದು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ಬೆಡ್ ಮಾತು ಬರಹದಲ್ಲೇ ಬರಬೇಕು: ಸ್ವೀಕರಿಸುವ ವೈದ್ಯರ ಹೆಸರು, ಬೆಡ್ ಸಂಖ್ಯೆ, ಎಷ್ಟು ಹೊತ್ತಿನವರೆಗೆ ಹಿಡಿದಿಡುತ್ತಾರೆ ಎಂಬುದು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಆ ಕಡೆಯ ರಸ್ತೆ, ಇಳಿಯುವ ಹೊತ್ತು, ಹಾರಾಟ, ಲೋಡಿಂಗ್, ಈ ಕಡೆಯ ರಸ್ತೆ. ಲೋಡಿಂಗ್‌ಗೆ 20 ನಿಮಿಷ ಸಾಕು ಅನ್ನುವವರನ್ನು ನಂಬಬೇಡಿ. ವೆಂಟಿಲೇಟರ್ ಜೊತೆ ಔಷಧಿ ಹರಿಸುವ ನಾಲ್ಕು ಪಂಪ್ ಇದ್ದರೆ 45 ಬೇಕು. ಬೆಡ್ ಬರಹಕ್ಕೆ ಬೇಗ ಸಹಿ ಹಾಕಿಸಲು ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಆಕ್ಸಿಜನ್ ಲೆಕ್ಕವೂ ಹೀಗೇ, ಬೆಡ್‌ನಿಂದ ಬೆಡ್‌ಗೆ. ನಿಮಿಷಕ್ಕೆ 10 ಲೀಟರ್ ಅಂದರೆ ಗಂಟೆಗೆ 600. ಹಾರಾಟ ಎರಡೇ ಗಂಟೆ ಇರಬಹುದು, ಒಟ್ಟು ಪಯಣ ಐದು ಗಂಟೆ, 3,000 ಲೀಟರ್. ನಾನು ಅದರ ದುಪ್ಪಟ್ಟು ವ್ಯವಸ್ಥೆ ಮಾಡುತ್ತೇನೆ. ಆಂಬ್ಯುಲೆನ್ಸಿನ ಸಿಲಿಂಡರ್ ತುಂಬಿದೆ ಅಂದ ಮಾತು ನಂಬಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಈಗ ಗೇಜ್ ನಾನೇ ನೋಡುತ್ತೇನೆ. ಪೈಲಟ್ ತೂಕ ಹೆಚ್ಚಾಯಿತು ಅಂದರೆ ಮನೆಯವರ ಸೂಟ್‌ಕೇಸ್ ಇಳಿಸುತ್ತೇನೆ, ಸಿಲಿಂಡರ್ ಇಳಿಸುವುದಿಲ್ಲ.

ರೋಗಿಯಿಲ್ಲದೆ ಮರಳುವಾಗ ಒಮ್ಮೆ ರಬ್ಬರ್ ಕೈಗವಸಿಗೆ ಅರ್ಧ ಗಾಳಿ ತುಂಬಿ ಗಂಟು ಹಾಕಿ ಸೀಟಿನ ಮೇಲಿಟ್ಟೆ. ಮೇಲೇರಿದಂತೆ ಬೆರಳುಗಳು ನೆಟ್ಟಗೆ ನಿಂತವು. ಕ್ಯಾಬಿನ್ ಒತ್ತಡ 8,000 ಅಡಿಯ ಮಟ್ಟಕ್ಕೆ ಇಳಿದರೆ ಸಿಕ್ಕಿಬಿದ್ದ ಗಾಳಿ ಮೂರರಲ್ಲೊಂದು ಪಾಲು ಹಿಗ್ಗುತ್ತದೆ ಎಂದು ಗೊತ್ತಿತ್ತು. ಕಣ್ಣಾರೆ ಕಂಡ ಮೇಲೆ ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ಇರುವ ರೋಗಿಯನ್ನು, ಅದನ್ನು ಹೊರಬಿಡುವ ಚೆಸ್ಟ್ ಟ್ಯೂಬ್ ಇಲ್ಲದೆ ಹತ್ತಿಸಿಲ್ಲ. ಉಸಿರಾಟದ ಟ್ಯೂಬನ್ನು ಶ್ವಾಸನಾಳದಲ್ಲಿ ಬಿಗಿಹಿಡಿಯುವ ಪುಟ್ಟ ಗಾಳಿಚೀಲದ (ಕಫ್) ಒತ್ತಡವನ್ನು ಏರುವಾಗಲೂ ಇಳಿಯುವಾಗಲೂ ನೋಡಿಸುತ್ತೇನೆ. ತಲೆಬುರುಡೆಯೊಳಗೆ ಗಾಳಿ ಇದ್ದರೆ ಕ್ಯಾಬಿನ್‌ನಲ್ಲಿ ನೆಲದ ಮಟ್ಟದ ಒತ್ತಡ ಇರಿಸಲು ಕೇಳುತ್ತೇನೆ. ಆಗ ಕೆಳಗೆ ಹಾರಬೇಕು, ಇಂಧನ ಹೆಚ್ಚು ಸುಡುತ್ತದೆ, ನಡುವೆ ಒಂದು ನಿಲುಗಡೆಯೂ ಬೀಳಬಹುದು. ಆ ಖರ್ಚನ್ನು ಮೊದಲೇ ಬರೆಸಿಕೊಳ್ಳಿ.

ದುಡ್ಡಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಐದು ಬ್ರೋಕರ್‌ಗಳನ್ನು ಒಟ್ಟಿಗೆ ಕೇಳಿದ್ದು. ಐವರೂ ಹೋಗಿ ತಟ್ಟಿದ್ದು ವಿಮಾನ ನಡೆಸುವ ಒಂದೇ ಆಪರೇಟರ್ ಬಾಗಿಲು. ಅವನಿಗೆ ಐದು ಗಿರಾಕಿ ಕಂಡರು, ದರ ಏರಿತು. ಈಗ ಇಬ್ಬರು ಆಪರೇಟರ್‌ಗಳಿಗೆ ನೇರವಾಗಿ ಒಂದೇ ಸಂದೇಶ: ರೋಗಿಯ ತೂಕ, ವೆಂಟಿಲೇಟರ್ ಸೆಟ್ಟಿಂಗ್, ಸ್ಟ್ರೆಚರ್ ಅಳತೆ, ಇಳಿಯುವ ಹೊತ್ತು. ರೋಗಿ ಒಂದೆರಡು ದಿನ ತಡೆಯುವಂತಿದ್ದರೆ ಖಾಲಿ ಮರಳುವ ವಿಮಾನ ಹಿಡಿಯುತ್ತೇನೆ, ಅರ್ಧ ದರಕ್ಕೂ ಸಿಕ್ಕಿದ್ದಿದೆ. ಯಾವ ವಿಮಾನ ಯಾವತ್ತು ಖಾಲಿ ಮರಳುತ್ತದೆ ಎಂಬ ಸುಳಿವು ಎಲ್ಲಿಂದ ಬರುತ್ತದೆ ಎನ್ನುವುದು ನನ್ನ ಬಳಿಯೇ ಇರಲಿ.

ಮೊನ್ನೆಯ ಕೇಸ್‌ನಲ್ಲಿ ಚಕ್ರ ನೆಲ ಮುಟ್ಟಿದ 35 ನಿಮಿಷಕ್ಕೆ ರೋಗಿ ಐಸಿಯು ಬೆಡ್‌ನಲ್ಲಿದ್ದರು. ಹೇಳಿದಷ್ಟೇ ಬಿಲ್ ಬಂತು. ಸಿಲಿಂಡರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಕ್ಸಿಜನ್ ಉಳಿದಿತ್ತು.