ಕಾಡಿಗೆ ಬೆಂಕಿ ಬಿದ್ದಾಗ ಬ್ಲೋವರ್ ಹೊತ್ತು ಹೊರಡುವವರಿಗೆ

ನಾನು ಹನುಮಂತನಗರದಲ್ಲಿ ಟೂವೀಲರ್ ಗ್ಯಾರೇಜ್ ಇಟ್ಟುಕೊಂಡವನು. ಕಾಡುಬೆಂಕಿಗೂ ನನಗೂ ನಂಟು ಬೆಳೆದದ್ದು ಒಂದು ಕೆಟ್ಟ ಮಷೀನಿನಿಂದ. ಮಾರ್ಚ್ ತಿಂಗಳ ಒಂದು ಸಂಜೆ ಹಳೇ ಗಿರಾಕಿಯೊಬ್ಬರು ಬೆನ್ನಿಗೆ ಹಾಕಿಕೊಂಡು ಗಾಳಿ ಊದಿ ತರಗೆಲೆ ಸರಿಸುವ ಲೀಫ್ ಬ್ಲೋವರ್ ತಂದಿಟ್ಟು, "ಸ್ಟಾರ್ಟ್ ಆಗ್ತಿಲ್ಲ ಕಣ್ರೀ, ಬೆಳಗ್ಗೆ ಐದಕ್ಕೆ ಕಾಡಿಗೆ ಬೇಕು" ಅಂದರು. ಬಿಚ್ಚಿದರೆ ಏರ್ ಫಿಲ್ಟರಿನ ತುಂಬ ಬೂದಿ, ವಿಭೂತಿ ಗಟ್ಟಿಯ ಹಾಗೆ ಕೂತಿತ್ತು. ತೊಳೆದು, ಪ್ಲಗ್ ಬದಲಿಸಿ ಎಳೆದರೆ ಒಂದೇ ಎಳೆತಕ್ಕೆ ಹಿಡಿಯಿತು. ಅಲ್ಲಿ ಹೋಗಿ ಮತ್ತೆ ಕೈಕೊಟ್ಟರೆ ಅಂತ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಅವತ್ತಿನಿಂದ ಬೇಸಿಗೆ ಬಂತೆಂದರೆ ಶನಿವಾರ ರಾತ್ರಿ ಶಟರ್ ಎಳೆದು ಹೊರಡುತ್ತೇನೆ. "ಅಣ್ಣಾ, ನಮ್ಮನ್ನೂ ಕರ್ಕೊಂಡು ಹೋಗಿ" ಅನ್ನುವ ಹುಡುಗರಿಗೆ ಪ್ರತಿ ಸಲ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೆ ಬರೆದಿಟ್ಟಿದ್ದೇನೆ.

ಹೊಗೆ ಕಂಡ ಕೂಡಲೇ ಬೈಕ್ ಹತ್ತಿ ನುಗ್ಗಬೇಡಿ. ಬನ್ನೇರುಘಟ್ಟವಾಗಲಿ, ಕಾವೇರಿ ವನ್ಯಧಾಮವಾಗಲಿ, ಬಂಡೀಪುರವಾಗಲಿ, ಅನುಮತಿಯಿಲ್ಲದೆ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ನೀವೇ ಅಪರಾಧಿ. ಹೊಗೆ ಕಂಡವರು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕೆಲಸಕ್ಕೇ ಹೋಗುವ ಮನಸ್ಸಿದ್ದರೆ ಜನವರಿಯಲ್ಲೇ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಹೆಸರು, ರಕ್ತದ ಗುಂಪು ಬರೆಸಿ ಬನ್ನಿ. ಒಳಗೆ ಹೋದ ಮೇಲೆ ಗಾರ್ಡ್ ಹೇಳಿದ್ದೇ ಕೊನೆಯ ಮಾತು, ಆತ ನಿಮಗಿಂತ ಹತ್ತು ವರ್ಷ ಚಿಕ್ಕವನಾದರೂ ಸರಿ.

ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ನೋಡಿ "ಬೆಂಕಿ ಇಲ್ಲೇ ಇದೆ" ಅಂತ ಬೆರಳಿಡುವವರು ಈಗ ಜಾಸ್ತಿ. ಆ ಕೆಂಪು ಚುಕ್ಕೆಯ ಹಿಂದೆ ಇರುವುದು ಸುಮಾರು 375 ಮೀಟರ್ ಅಗಲದ ಒಂದು ಚೌಕ. ಉಪಗ್ರಹ ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ನೀವು ನೋಡುವ ಹೊತ್ತಿಗೆ ಬೆಂಕಿ ಎರಡು ಹಳ್ಳ ದಾಟಿರುತ್ತದೆ. ಯಾವ ಕಡೆ ಹೋಗಬೇಕು ಅನ್ನುವುದಕ್ಕೆ ಚುಕ್ಕೆ ಸಾಕು, ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಸಾಲದು.

ಬಟ್ಟೆ ವಿಷಯ. ನನ್ನ ಎಡಭುಜದ ಮೇಲೆ ಎಂಟಾಣೆ ಅಗಲದ ಕಲೆ ಇದೆ. ಎರಡನೇ ಸಲ ಹೋದಾಗ ಏರಿಯಾ ಕ್ರಿಕೆಟ್ ಟೀಮಿನ ಜೆರ್ಸಿ ಹಾಕಿಕೊಂಡಿದ್ದೆ, ಬೆವರು ಬೇಗ ಆರುತ್ತದೆ ಅಂತ. ಒಂದು ಕಿಡಿ ಕೂತಿತು ಅಷ್ಟೇ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಂಡಿತು. ಹತ್ತಿ ಬಟ್ಟೆಯಾಗಿದ್ದರೆ ತೂತು ಬೀಳುತ್ತಿತ್ತು, ಕೊಡವಿ ಮುಂದೆ ಹೋಗುತ್ತಿದ್ದೆ. ತುಂಬುತೋಳಿನ ದಪ್ಪ ಹತ್ತಿ ಅಂಗಿ, ಜೀನ್ಸ್, ಒಳಗೂ ಹತ್ತಿಯೇ. ಶೂ ಚರ್ಮದ್ದಿರಲಿ, ಅಟ್ಟೆ ಹೊಲಿದದ್ದಿರಲಿ; ಗಮ್ ಹಾಕಿ ಅಂಟಿಸಿದ್ದು ಬಿಸಿ ಬೂದಿಯಲ್ಲಿ ಬಾಯಿ ಬಿಡುತ್ತದೆ. ಕಣ್ಣಿಗೆ ಗಾಗಲ್ಸ್. ಟವೆಲ್ ಒದ್ದೆ ಮಾಡಿ ಮುಖಕ್ಕೆ ಬಿಗಿಯುವ ಚಾಳಿ ಬಿಡಿ, ಜೋರು ಕಾವಿಗೆ ಆ ನೀರೇ ಹಬೆಯಾಗಿ ಸುಡುತ್ತದೆ. ಕುಡಿಯುವ ನೀರು ತಲೆಗೆ ಐದು ಲೀಟರ್, ಜೊತೆಗೆ ಓಆರ್‌ಎಸ್ ಪೊಟ್ಟಣ. ಹೊರಡುವ ಮುಂಚೆ ಮುದ್ದೆ ಉಂಡರೆ ಒಳ್ಳೆಯದು, ಬಿಸ್ಕತ್ತು ಎರಡು ಗಂಟೆಗೂ ಬರುವುದಿಲ್ಲ.

ಇನ್ನು ಕೆಲಸ. ಬೆಂಕಿ ಆರಿಸುವುದೆಂದರೆ ನೀರು ಹಾಕುವುದು ಅಂದುಕೊಂಡಿದ್ದೆ. ಟ್ಯಾಂಕರ್ ಬರುವುದು ಜೀಪ್ ದಾರಿ ಇರುವವರೆಗೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು, ನಿಜ. ಮಿಕ್ಕ ದಿನ ನಾವು ಮಾಡುವುದು ಕಸ ಗುಡಿಸುವ ಕೆಲಸ. ಬೆಂಕಿಯ ದಾರಿಯಲ್ಲಿ ಒಂದೆರಡು ಮೀಟರ್ ಅಗಲಕ್ಕೆ ತರಗೆಲೆ, ಹುಲ್ಲು, ಕಡ್ಡಿ ಎಲ್ಲ ತೆಗೆದು ಮಣ್ಣು ಕಾಣಿಸಿದರೆ ನೆಲದ ಬೆಂಕಿ ಅಲ್ಲಿಗೆ ಬಂದು ತಿನ್ನಲು ಏನೂ ಇಲ್ಲದೆ ಸಾಯುತ್ತದೆ. ಮುಂದೆ ಒಬ್ಬ ಮಚ್ಚಿನಲ್ಲಿ ಲಂಟಾನ ಸವರುತ್ತಾನೆ, ಹಿಂದೆ ಬ್ಲೋವರ್, ಅದರ ಹಿಂದೆ ಕುಂಟೆ ಹಿಡಿದವನು, ಕೊನೆಗೆ ಹಸಿ ಸೊಪ್ಪಿನ ಕೊಂಬೆ ಹಿಡಿದ ಇಬ್ಬರು. ಸೊಪ್ಪನ್ನು ಎತ್ತಿ ಬಡಿಯಬಾರದು, ಕಿಡಿ ಹಾರುತ್ತದೆ. ಸುಟ್ಟ ಕಡೆಗೆ ಎಳೆದಂತೆ ಒತ್ತಬೇಕು.

ಬ್ಲೋವರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ನನ್ನ ಕಸುಬು ಅದು. ಇಂಧನ ತುಂಬಿದರೆ ಹತ್ತು ಕೆಜಿ ಮೇಲೆ ತೂಗುತ್ತದೆ. ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. 50ಕ್ಕೆ 1 ಅಂತ ಬರೆದಿದ್ದರೆ ಲೀಟರಿಗೆ 20 ಎಂಎಲ್, 40ಕ್ಕೆ 1 ಅಂದರೆ 25. ಹಳೇ ಸ್ಕೂಟರ್ ಲೆಕ್ಕದಲ್ಲಿ ಕಣ್ಣಂದಾಜಿಗೆ ಸುರಿದರೆ ಪ್ಲಗ್ ಕಪ್ಪಾಗಿ ನಡುಕಾಡಿನಲ್ಲಿ ಕೂರುತ್ತೀರಿ. ಜೇಬಿನಲ್ಲಿ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ತುಂಡು ಸ್ಟಾರ್ಟರ್ ಹಗ್ಗ ಇರಲೇಬೇಕು. ಎರಡು ಗಂಟೆಗೊಮ್ಮೆ ಫಿಲ್ಟರ್ ತೆಗೆದು ಕೊಡವಿ.

ಪೆಟ್ರೋಲ್ ಮುಗಿದಾಗಲೇ ನಾನು ದೊಡ್ಡ ತಪ್ಪು ಮಾಡಿದ್ದು. ಓಡಿ ಓಡಿ ಕೆಂಪಾದ ಮಷೀನನ್ನು ಬೆನ್ನಿನಿಂದ ಇಳಿಸಿ ಹಾಗೇ ತರಗೆಲೆಯ ಮೇಲಿಟ್ಟು ಕ್ಯಾನ್ ತರಲು ತಿರುಗಿದೆ. ಹಿಂದಿನಿಂದ ಫೈರ್ ವಾಚರ್ ತಾತ "ಏಯ್!" ಅಂದ. ಸೈಲೆನ್ಸರ್ ತಾಗಿದ ಕಡೆ ಎಲೆ ಕಪ್ಪಾಗಿ, ಅಂಚಿನಲ್ಲಿ ಕೆಂಪು ಗೆರೆ ಹರಿಯುತ್ತಿತ್ತು. ತಾತ ಬರಿಗಾಲಿನಲ್ಲೇ ತುಳಿದು ಆರಿಸಿ, "ಬೆಂಕಿ ಆರ್ಸಕ್ ಬಂದ್ಯೋ, ಅಚ್ಚಕ್ ಬಂದ್ಯೋ?" ಅಂತ ಕೇಳಿದ. ಮಷೀನ್ ಇಳಿಸುವುದು ಬಂಡೆ ಮೇಲೆ ಅಥವಾ ಮಣ್ಣಿನ ಮೇಲೆ ಮಾತ್ರ. ಹತ್ತು ನಿಮಿಷ ತಣ್ಣಗಾಗಲಿ, ಆಮೇಲೆ ಪೆಟ್ರೋಲ್. ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ಸರಿದು ಸ್ಟಾರ್ಟ್ ಮಾಡಿ.

ಊದುವಾಗ ನಳಿಗೆಯ ಬಾಯಿ ಯಾವತ್ತೂ ಸುಟ್ಟ ಕಡೆಗಿರಲಿ, ಜ್ವಾಲೆಯ ಬುಡಕ್ಕೆ, ಓರೆಯಾಗಿ. ತಲೆಗೆ ಹಿಡಿದರೆ ಕುಲುಮೆಗೆ ತಿದಿ ಒತ್ತಿದಂತೆ. ಬೆಂಕಿಯ ಬಾಲದಿಂದ, ಅಂದರೆ ಅದು ಸುಟ್ಟು ಬಂದ ಹಿಂಬದಿಯಿಂದ ಶುರು ಮಾಡಿ ಎರಡು ಪಕ್ಕೆ ಹಿಡಿದು ಮುಂದಕ್ಕೆ ಹೋಗಬೇಕು. ನೇರ ಎದುರಿಗೆ ಹೋಗಿ ನಿಲ್ಲುವುದು ಸಿನಿಮಾದಲ್ಲಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಎಲೆ ಮುರಿದರೆ ಹಪ್ಪಳದ ಸದ್ದು ಬರುತ್ತದೆ, ಆಗ ಬೆಂಕಿಯದೇ ರಾಜ್ಯ. ನಮ್ಮ ಹೊತ್ತು ಸಂಜೆ ಐದರ ಮೇಲೆ, ಬೆಳಗ್ಗೆ ಎಂಟರ ಒಳಗೆ.

ಗುಡ್ಡದಲ್ಲಿ ಬೆಂಕಿ ಕೆಳಗಿದ್ದು ನೀವು ಮೇಲಿದ್ದರೆ ತಕ್ಷಣ ಜಾಗ ಬಿಡಿ. ಇಳಿಜಾರಿನಲ್ಲಿ ಅದು ಮೇಲಕ್ಕೆ ಓಡುತ್ತದೆ, ಕೊರಕಲು ಸಿಕ್ಕರೆ ಚಿಮಣಿಯೇ. 2018ರ ಮಾರ್ಚಿನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಓಡಬೇಕಾಗಿ ಬಂದರೆ ಆಗಲೇ ಸುಟ್ಟು ಕಪ್ಪಾದ ನೆಲಕ್ಕೆ ಓಡಿ. 1949ರ ಆಗಸ್ಟಿನಲ್ಲಿ ಅಮೆರಿಕದ ಮೊಂಟಾನಾದಲ್ಲಿ ಮ್ಯಾನ್ ಗಲ್ಚ್ ಅನ್ನುವ ಕೊರಕಲಿನಲ್ಲಿ ಬೆಂಕಿ ಅಟ್ಟಿಸಿಕೊಂಡು ಬಂದಾಗ ತಂಡದ ಮುಖ್ಯಸ್ಥ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಆ ಬೂದಿಯಲ್ಲಿ ಬೋರಲು ಮಲಗಿ ಬದುಕಿದ. ಮಿಕ್ಕವರಿಗೆ ಅವನೇನು ಮಾಡುತ್ತಿದ್ದಾನೆ ಅಂತಲೇ ಹೊಳೆಯಲಿಲ್ಲ, 13 ಜನ ಹೋದರು. ನೀವು ಕಡ್ಡಿ ಗೀರಲು ಹೋಗಬೇಡಿ, ಎದುರು ಬೆಂಕಿ ಕೊಡುವುದು ಇಲಾಖೆಯವರ ಕೆಲಸ. ಬೂದಿ ಎಲ್ಲಿದೆ ಅಂತ ಮಾತ್ರ ಪ್ರತಿ ಐದು ನಿಮಿಷಕ್ಕೆ ತಿರುಗಿ ನೋಡಿ.

ಅಮೆರಿಕದವರು ಎಂದೂ ತಲೆಕೆಡಿಸಿಕೊಳ್ಳದ ಒಂದು ವಿಷಯ ನಮಗಿದೆ: ಆನೆ. ಬ್ಲೋವರ್ ಶಬ್ದದಲ್ಲಿ ಆನೆ ಪಕ್ಕಕ್ಕೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಅದಕ್ಕೆ ತಂಡದಲ್ಲಿ ಒಬ್ಬ ಏನೂ ಹೊರದೆ ಮೂವತ್ತು ಹೆಜ್ಜೆ ದೂರ ನಿಂತಿರಬೇಕು. ಅವನೇ ನಮ್ಮ ಕಿವಿ. ಅವನು ಟಾರ್ಚ್ ಮೂರು ಸಲ ಮಿಟುಕಿಸಿದರೆ ಎಲ್ಲ ಎಂಜಿನ್ ಬಂದ್, ಮಾತೂ ಬಂದ್. ಒಣಬಿದಿರು ಸುಡುವಾಗ ಗೆಣ್ಣಿನ ಗಾಳಿ ಒಡೆದು ಪಟಾಕಿ ಹೊಡೆದಂತೆ ಸಿಡಿಯುತ್ತದೆ. ಹೊಸಬರು ಅದನ್ನೇ ಆನೆ ಬಂತು ಅಂದುಕೊಂಡು ಓಡುವುದುಂಟು, ನಾನೂ ಓಡಿದ್ದೇನೆ.

ಜ್ವಾಲೆ ಇಳಿದ ಮೇಲೆ ಎಲ್ಲರೂ ಜೀಪಿನ ಕಡೆ ನೋಡುತ್ತಾರೆ. ನನ್ನ ಪ್ರಕಾರ ಕೆಲಸ ಆಗ ಶುರು. ಒಣಗಿದ ಆನೆ ಲದ್ದಿ ನೋಡಿದ್ದೀರಾ? ಹೊರಗೆ ಬೂದಿ ಬಣ್ಣ, ಸತ್ತ ಹಾಗೆ ಕಾಣುತ್ತದೆ. ಕೋಲಿನಿಂದ ಒಡೆದರೆ ಒಳಗೆ ಊದುಬತ್ತಿಯಂತೆ ಕೆಂಪಗೆ ಕೂತಿರುತ್ತದೆ, ರಾತ್ರಿಯಿಡೀ ಹಾಗೇ ಇರುತ್ತದೆ. ಇಳಿಜಾರಿನಲ್ಲಿದ್ದರೆ ಅಡಿಯ ಆಸರೆ ಸುಟ್ಟು, ಉಂಡೆ ಉರುಳಿ, ನಾವು ಬೆನ್ನು ಮುರಿದು ಗುಡಿಸಿದ ಗೆರೆ ದಾಟಿ ಹುಲ್ಲಿಗೆ ಬೀಳುತ್ತದೆ. ಹಾಗೆ ಒಂದು ಉಂಡೆಯಿಂದ ಇಡೀ ರಾತ್ರಿಯ ಕೆಲಸ ಹಾಳಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಗೆರೆಯಿಂದ ಇಪ್ಪತ್ತು ಹೆಜ್ಜೆ ಒಳಗಿನವರೆಗೂ ಪ್ರತಿ ಲದ್ದಿ, ಪ್ರತಿ ಬೊಡ್ಡೆ, ಬಿದ್ದ ದಿಮ್ಮಿ ಒಡೆದು, ಮಣ್ಣು ಕಲಸಿ, ಅಂಗೈಯ ಹಿಂಭಾಗ ಹತ್ತಿರ ತಂದು ಕಾವು ನೋಡಿ. ಕಾವಿದ್ದರೆ ಮತ್ತೆ ಮಣ್ಣು.

ಮೇ ತಿಂಗಳಲ್ಲಿ ಎರಡು ಒಳ್ಳೇ ಮಳೆ ಬಿದ್ದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿರುವುದು ತೀರುವವರೆಗೆ ಓಡಿಸಿ. ಪ್ಲಗ್ ಬಿಚ್ಚಿ ಆ ತೂತಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಹಗ್ಗ ಮೆಲ್ಲಗೆ ಎರಡು ಸಲ ಎಳೆದು ಪ್ಲಗ್ ಹಾಕಿ. ಗೋಣಿಚೀಲದಲ್ಲಿ ಸುತ್ತಿ ಇಲಿ ಹತ್ತದ ಕಡೆ ತೂಗುಹಾಕಿ. ಹೋದ ವರ್ಷ ನನ್ನದರ ಭುಜದ ಪಟ್ಟಿಯ ಫೋಮನ್ನೆಲ್ಲ ಇಲಿ ತಿಂದಿತ್ತು. ಈಗ ಅದರ ಜಾಗದಲ್ಲಿ ಒಂದು ಹಳೇ ಬಜಾಜ್ ಸೀಟಿನ ಸ್ಪಂಜು ಇದೆ.