ಮಳೆ ಬಂದರೆ ಒಂದು ಎರಡಾಗುತ್ತಿದ್ದ ಸೀಟ್ ಬಟನ್

ಜುಲೈ ಮಳೆಯಲ್ಲಿ ಆಲ್ದೂರು ಕಡೆಯ ಕಾಫಿ ತೋಟದವರೊಬ್ಬರು ಚಿಕ್ಕಮಗಳೂರಿನ ನನ್ನ ಶೆಡ್ಡಿಗೆ ಕಾರು ತಂದರು. ಒಬ್ಬೊಬ್ಬರ ಸೀಟಿನ ಜಾಗ ನೆನಪಿಟ್ಟು, ಬಟನ್ ಒತ್ತಿದರೆ ಅಲ್ಲಿಗೇ ಸರಿಸುವ ಡ್ರೈವರ್ ಸೀಟಿನ ಮೆಮೊರಿಯಲ್ಲಿ ಒಂದನೇ ಬಟನ್ ಅವರದ್ದು, ಎರಡನೆಯದು ಅವರ ಮನೆಯವರದ್ದು. ಒಂದನ್ನು ಒತ್ತಿದರೆ ಕೆಲವು ಸಲ ಸೀಟು ಎರಡರ ಜಾಗಕ್ಕೆ ಹೋಗುತ್ತಿತ್ತು. ಕೆಲವು ಸಲ ಅಲುಗಾಡುತ್ತಲೇ ಇರಲಿಲ್ಲ. "ಮಂಡಿ ಹೋಗಿ ಸ್ಟೀರಿಂಗಿಗೆ ತಾಗುತ್ತೆ ಕಣಪ್ಪಾ. ಮಳೇಲೇ ಜಾಸ್ತಿ" ಎಂದರು. ಬೇರೆ ಕಡೆ ಸ್ವಿಚ್ ಬದಲಿಸಿಯೂ ಆಗಿತ್ತು.

ನನ್ನ ಮುಂದೆ 20 ಸಲ ಒತ್ತಿದರೂ ಸರಿಯಾಗೇ ಕೆಲಸ ಮಾಡಿತು. ಬಂದು ಹೋಗುವ ಫಾಲ್ಟನ್ನು ಕಣ್ಣಾರೆ ನೋಡದೆ ನಾನು ಯಾವ ಪಾರ್ಟನ್ನೂ ಬಿಚ್ಚುವುದಿಲ್ಲ.

ಆ ಕಾರಿನಲ್ಲಿ ಬಾಗಿಲಲ್ಲಿರುವ ಎಲ್ಲ ಮೆಮೊರಿ ಬಟನ್‌ಗಳಿಗೂ ಒಂದೇ ಸಿಗ್ನಲ್ ವೈರು. ಬಟನ್‌ಗೊಂದು ಬೇರೆ ಬೇರೆ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪಾರ್ಟು. ಸೀಟಿನ ಕೆಳಗಿನ ಮಾಡ್ಯೂಲ್, ಅಂದರೆ ಸೀಟನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ, ಆ ವೈರಿಗೆ 5 ವೋಲ್ಟ್ ಕೊಡುತ್ತದೆ. ಅದು ಎಷ್ಟಕ್ಕೆ ಇಳಿಯಿತು ಎನ್ನುವುದರ ಮೇಲೆ ಯಾವ ಬಟನ್ ಎಂದು ತಿಳಿದುಕೊಳ್ಳುತ್ತದೆ. ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಸೇರಿಕೊಂಡರೆ ಒಂದು ಎರಡರಂತೆ ಕಾಣುತ್ತದೆ. ಇನ್ನೂ ಜಾಸ್ತಿಯಾದರೆ ಒತ್ತಿದ್ದೇ ಗೊತ್ತಾಗುವುದಿಲ್ಲ. ಅಂದರೆ ಅವರ ಎರಡೂ ದೂರಿಗೆ ಕಾರಣ ಒಂದೇ ಇರಬಹುದು, ಅಲ್ವಾ?

ಬಾಗಿಲು ತೆರೆದಿಟ್ಟು ವೈರಿಗೆ ಮೀಟರ್ ಹಿಡಿದೆ. ವೈರು ತುಂಡಾಗಿಲ್ಲ ಎನ್ನುವ ಬೀಪ್ ಬಂತು. ಆ ಬೀಪನ್ನು ನಾನು ನಂಬಲಿಲ್ಲ. ಒಂದೆರಡು ಎಳೆ ತಾಗಿಕೊಂಡಿದ್ದರೂ ಅದು ಕೂಗುತ್ತದೆ.

ಮಾಡ್ಯೂಲ್ ಕನೆಕ್ಟರಿನ ಹಿಂಬದಿಯಿಂದ ಪ್ರೋಬ್ ಇಟ್ಟೆ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದನ್ನು ದಯವಿಟ್ಟು ಮುಟ್ಟಬೇಡಿ. ಶೆಡ್ಡಿನ ಹುಡುಗ ಕಾರೊಳಗೆ ಕೂತು ಒಂದನೇ ಬಟನ್ ಒತ್ತಿ ಹಿಡಿದ. 1.2 ವೋಲ್ಟ್. ಎರಡನೆಯದಕ್ಕೆ 2.4. ಮತ್ತೆ ಒಂದನ್ನೇ ಒತ್ತಿಸಿ, ಬಾಗಿಲಿಗೂ ಬಾಡಿಗೂ ನಡುವೆ ವೈರುಗಳು ಹಾದುಹೋಗುವ ರಬ್ಬರ್ ಕೊಳವೆಗೆ, ಅಂದರೆ ಬೂಟಿಗೆ, ನೀರು ಚಿಮುಕಿಸಿದೆ. ನಿಧಾನಕ್ಕೆ ಬಾಗಿಲು ಹಾಕಿಸಿದೆ. 1.2 ಇದ್ದದ್ದು 1.9 ಆಯ್ತು, ಆಮೇಲೆ 2.3. ಆ ಖುಷಿಗೆ ಹುಡುಗನನ್ನು ಕೂಗಿ ಕರೆದು ತೋರಿಸಿದೆ.

ಬೂಟಿನ ಅಡಿಭಾಗ ಹರಿದಿತ್ತು. ವೈರಿನ ಮೇಲ್ಗಡೆ ಏನೂ ಆಗಿರಲಿಲ್ಲ. ಆದರೆ ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗಿತು. ಒಳಗೆ ತಾಮ್ರ ತುಂಡಾಗಿದ್ದರೆ ಮಾತ್ರ ಹಾಗೆ ಹಿಗ್ಗುತ್ತದೆ. ಸೀಳಿ ನೋಡಿದರೆ ಪೂರ್ತಿ ಹಸಿರು ಕಿಲುಬು. ಬಾಗಿಲು ಹಾಕಿದಾಗ ವೈರು ಮಡಚಿ ತುದಿಗಳು ಬೇರೆಯಾಗುತ್ತಿದ್ದವು. ನಡುವೆ ಉಳಿಯುತ್ತಿದ್ದದ್ದು ಒದ್ದೆ ಕಿಲುಬು ಮಾತ್ರ.

ಬ್ಯಾಟರಿ ಬಿಚ್ಚಿ ಕೆಲಸ ಶುರು ಮಾಡಿದೆ. ಬೂಟಿನೊಳಗೆ ಬೆಸುಗೆ ಹಾಕಬಾರದು. ಬೆಸುಗೆ ಹಾಕಿದ ಕಡೆ ವೈರು ಗಟ್ಟಿಯಾಗಿ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಹಾಗಾಗಿ ಬೂಟಿನ ಉದ್ದಕ್ಕೂ ಮೆತ್ತನೆಯ ಹೊಸ ವೈರು ಎಳೆದು, ಎರಡೂ ಜಾಯಿಂಟನ್ನು ಹೊರಗೆ ಮಾಡಿ, ಬಿಸಿ ಮಾಡಿದರೆ ಬಿಗಿಯಾಗುವ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬೂಟನ್ನೂ ಬದಲಿಸಿದೆ.

ನೀರು ಹಾಕುತ್ತಾ 50 ಸಲ ಬಾಗಿಲು ಹಾಕಿ ತೆಗೆದೆವು. 1.2 ಕದಲಲಿಲ್ಲ. ಮೊದಲು ಬಿಚ್ಚಿಸಿದ್ದ ಹಳೇ ಸ್ವಿಚ್ ಡಿಕ್ಕಿಯಲ್ಲೇ ಇತ್ತು. ಅದನ್ನೂ ಹಾಕಿ ನೋಡಿದೆ. ಚೆನ್ನಾಗೇ ಇತ್ತು.