ಹೈಬ್ರಿಡ್ ಕೊಟ್ಟು ದೊಡ್ಡ ಗಾಡಿ ತರುವ ಮುನ್ನ

ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯಿಂದ ನಡೆಯುವ ಮೋಟಾರೂ ಇರುವ ನಮ್ಮ ಹೈಬ್ರಿಡ್ ಕಾರಿಗೆ ಒಂಬತ್ತು ವರ್ಷ ತುಂಬಿತ್ತು. ಅಷ್ಟು ವರ್ಷದಲ್ಲಿ ದಾರಿ ನಡುವೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳ ಎರಡು ಸೀಟು ಬಿಗಿದ ಮೇಲೆ ನಡುವೆ ಉಳಿಯುತ್ತಿದ್ದುದು ಒಂದೂವರೆ ಗೇಣು ಜಾಗ. ಒಂದು ದಿನ ಅಲ್ಲಿ ಅತ್ತೆ ಭುಜ ಮುದುಡಿಕೊಂಡು ಮೂರು ತಾಸು ಕೂತು ಬಂದರು. ಇಳಿಯುವಾಗ ಬಾಗಿಲು ಹಿಡಿದು ನಿಂತು, ಮರಗಟ್ಟಿದ ಕಾಲು ನೀಡಿಕೊಳ್ಳಲು ಸುಮಾರು ಹೊತ್ತು ಹಿಡಿಯಿತು. “ನಂಗೇನೂ ಆಗಿಲ್ಲ ಬಿಡಮ್ಮ” ಅಂದರು. ಅವತ್ತೇ ಮನೆಯಲ್ಲಿ ದೊಡ್ಡ ಗಾಡಿಯ ಮಾತು ಎದ್ದಿತು.

ಮಾತು ಎದ್ದ ಕೂಡಲೇ ಎಲ್ಲರೂ ಶೋರೂಮಿಗೆ ಓಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಹೋಗಬೇಕಾದ ಜಾಗ. ಅದಕ್ಕೂ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸ ಬಹಳ ಇದೆ.

ಹಂತ 1: ಎರಡು ತಿಂಗಳು ಬರೆದಿಡಿ

ಕಾರಿನಲ್ಲೇ ಒಂದು ಸಣ್ಣ ನೋಟ್‌ಬುಕ್, ಪೆನ್ನು ಇಡಿ. ಗಾಡಿ ಹೊರಗೆ ಹೋದ ಪ್ರತಿ ದಿನ ಒಂದೇ ಸಾಲು ಬರೆಯಿರಿ: ಎಷ್ಟು ಜನ, ಏನೇನು ಸಾಮಾನು, ಜಾಗ ಸಾಕಾಯಿತೋ ಇಲ್ಲವೋ. ಸಾಕಾಗದಿದ್ದರೆ ಯಾರಿಗೆ ಸಾಕಾಗಲಿಲ್ಲ ಎಂಬುದನ್ನು ತಪ್ಪದೆ ಬರೆಯಿರಿ. ಒಂದು ರಜೆಯ ಪ್ರಯಾಣದಲ್ಲಿ ಪಟ್ಟ ಕಷ್ಟ ತಲೆಯಲ್ಲಿ ವರ್ಷವಿಡೀ ಉಳಿದುಬಿಡುತ್ತದೆ. ಒಬ್ಬರೇ ಕೂತು ಕೆಲಸಕ್ಕೆ ಹೋಗಿಬಂದ ಇನ್ನೂರು ದಿನ ನೆನಪಿಗೇ ಬರುವುದಿಲ್ಲ. ಅದಕ್ಕೇ ಈ ಲೆಕ್ಕವನ್ನು ನೆನಪಿಗೆ ಬಿಡದೆ ಕಾಗದಕ್ಕೆ ಇಳಿಸಬೇಕು.

ನಮ್ಮ ಪುಸ್ತಕದಲ್ಲಿ ಕಾರು ಹೊರಟದ್ದು 46 ದಿನ, ಜಾಗ ಸಾಲದೆ ಹೋದದ್ದು 7 ದಿನ. ಡಿಕ್ಕಿ ತುಂಬಿದ್ದು ಅದರಲ್ಲಿ ಒಂದೇ ದಿನ. ಉಳಿದ ಆರೂ ದಿನ ತೊಂದರೆಯಾದದ್ದು ಅತ್ತೆಗೆ. ನಾವು ಅಲ್ಲಿಯವರೆಗೆ ದೊಡ್ಡ ಡಿಕ್ಕಿಯ ಗಾಡಿಗಳನ್ನೇ ನೋಡುತ್ತಾ ಕೂತಿದ್ದೆವು!

ಹಂತ 2: ಯಾವ ಜಾಗ ಸಾಲದು?

‘ಜಾಗ ಸಾಲದು’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕೊರತೆ ಇರಬಹುದು. ಕೂರುವ ಜಾಗ ಸಾಲದಿರಬಹುದು. ಸಾಮಾನಿಗೆ ಸಾಲದಿರಬಹುದು. ಅಥವಾ ಜಾಗ ಇದ್ದೂ ಹತ್ತಿ ಇಳಿಯಲು ಕಷ್ಟವಾಗುತ್ತಿರಬಹುದು. ಮೂರಕ್ಕೂ ಮದ್ದು ಬೇರೆ.

ಸಾಮಾನಿನ ಕೊರತೆಗೆ ಗಾಡಿ ಬದಲಿಸುವುದು ಕೊನೆಯ ಮದ್ದು. ಛಾವಣಿಯ ಮೇಲೆ ಕೂರಿಸುವ ಡಬ್ಬಿ ಸಿಗುತ್ತದೆ, ಕೆಲವೆಡೆ ಬಾಡಿಗೆಗೂ ಸಿಗುತ್ತದೆ. ಛಾವಣಿ ಎಷ್ಟು ಭಾರ ತಾಳುತ್ತದೆ ಎಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಮಿತಿಯೊಳಗೆ ಡಬ್ಬಿಯ ತೂಕ, ಅದನ್ನು ಹೊರುವ ಅಡ್ಡಪಟ್ಟಿಗಳ ತೂಕ ಎರಡೂ ಸೇರುತ್ತವೆ ಎಂಬುದನ್ನು ಮರೆಯಬೇಡಿ. ಕೆಲಸ ಮುಗಿದ ಮೇಲೆ ಬಿಚ್ಚಿಡಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹೆದ್ದಾರಿಯಲ್ಲಿ ಖಾಲಿ ಡಬ್ಬಿ ಹೊತ್ತು ಓಡಿದರೂ ಪೆಟ್ರೋಲು ಹೆಚ್ಚು ಸುಡುತ್ತದೆ.

ಕಾರು ಒಟ್ಟು ಹೊರಬಲ್ಲ ಭಾರಕ್ಕೂ ಒಂದು ಮಿತಿ ಇದೆ. ಎಪ್ಪತ್ತು ಕೆ.ಜಿ.ಯ ಐದು ಜನ ಕೂತರೆ 350 ಕೆ.ಜಿ. ಅಲ್ಲಿಗೇ ಆಯಿತು. ಸಣ್ಣ ಕಾರಿನಲ್ಲಿ ಸಾಮಾನಿಗೆ ಆಮೇಲೆ ಉಳಿಯುವುದು ಸ್ವಲ್ಪವೇ.

ಕೂರುವ ಕೊರತೆಯಾದರೆ ಟೇಪು ಹಿಡಿದು ಹಿಂದಿನ ಸೀಟಿನ ಅಗಲ, ಮಕ್ಕಳ ಸೀಟುಗಳ ಅಗಲ ಎರಡನ್ನೂ ಅಳೆಯಿರಿ. ಕಿರಿದಾದ ಮಕ್ಕಳ ಸೀಟುಗಳೂ ಇವೆ. ಒಂದೊಂದರಲ್ಲಿ ನಾಲ್ಕು ಬೆರಳು ಉಳಿದರೂ ನಡುವೆ ಕೂರುವವರಿಗೆ ದೊಡ್ಡ ವ್ಯತ್ಯಾಸ. ಹಿಮ್ಮುಖವಾಗಿ ಕೂರಿಸುವ ಮಗುವಿನ ಸೀಟಿದ್ದರೆ ಅದು ಮುಂದಿನ ಸೀಟನ್ನೂ ಮುಂದಕ್ಕೆ ತಳ್ಳುತ್ತದೆ, ಮುಂದೆ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಎಷ್ಟೇ ಇಕ್ಕಟ್ಟಾದರೂ ಒಂದು ಬೆಲ್ಟಿಗೆ ಇಬ್ಬರನ್ನು ಸೇರಿಸುವುದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡವೇ ಬೇಡ. ಅಂಥ ಪರಿಸ್ಥಿತಿ ವಾರಕ್ಕೊಮ್ಮೆ ಬರುತ್ತಿದ್ದರೆ ಮುಂದಿನ ಹಂತಗಳನ್ನು ಓದುವಷ್ಟು ತಾಳ್ಮೆಯೂ ಬೇಕಿಲ್ಲ, ಗಾಡಿ ಬದಲಿಸಿ.

ಹಂತ 3: ಅತಿ ಕೆಟ್ಟ ಸೀಟಿನಲ್ಲಿ ನೀವೇ ಕೂರಿ

ಇಡೀ ಲೇಖನದಲ್ಲಿ ಇದೊಂದನ್ನು ಮಾಡಿದರೂ ಸಾಕು. ಸಾಮಾನ್ಯವಾಗಿ ಗಾಡಿ ಬದಲಿಸುವ ತೀರ್ಮಾನ ಮಾಡುವವರು ಮುಂದೆ ಕೂತವರು. ಕಷ್ಟಪಡುವವರು ಹಿಂದೆ ಕೂತವರು, ಅವರೋ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆಯವರನ್ನು ಮುಂದಿನ ಸೀಟಿಗೆ ಕಳಿಸಿ ಒಂದು ತಾಸು ನಾನು ನಡುವೆ ಕೂತೆ. ಬೆಲ್ಟಿನ ಕೊಂಡಿ ಸೊಂಟಕ್ಕೆ ಒತ್ತುತ್ತಿತ್ತು. ನಡುವಿನ ಮೆತ್ತೆ ಉಬ್ಬಿರುವುದರಿಂದ ತಲೆ ಛಾವಣಿಗೆ ಹತ್ತಿರ. ಕೆಳಗೆ ನೆಲದ ಉಬ್ಬಿನಿಂದಾಗಿ ಎರಡೂ ಕಾಲನ್ನು ಆಚೀಚೆ ಹಾಕಿ ಕೂರಬೇಕು, ಆ ಕಡೆ ಒಂದು ಮಗುವಿನ ಶೂ, ಈ ಕಡೆ ಇನ್ನೊಂದು ಮಗುವಿನ ಶೂ. ಇಪ್ಪತ್ತು ನಿಮಿಷಕ್ಕೆ ನನಗೆ ಉತ್ತರ ಸಿಕ್ಕಿತ್ತು. ಆರು ಸಲ ಅವರನ್ನು ಅಲ್ಲಿ ಕೂರಿಸಿದ್ದಕ್ಕೆ ಮನಸ್ಸು ಇವತ್ತಿಗೂ ಚುರುಕ್ ಅನ್ನುತ್ತದೆ.

ಹಂತ 4: ಕೈಲಿರುವ ಗಾಡಿಯ ಬೆಲೆ ತಿಳಿಯಿರಿ

ಇಲ್ಲಿ ಬೆಲೆ ಎಂದರೆ ದುಡ್ಡಿನ ಮಾತಲ್ಲ. ಟೊಯೋಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ. ಅಲ್ಲಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ಪಳಗಿದ ತಂತ್ರ ಇದು. ಆ ಬಗೆಯ ಹೈಬ್ರಿಡ್‌ನಲ್ಲಿ ಕ್ಲಚ್ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಇಲ್ಲ, ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಇಲ್ಲ. ಒಳಗಿರುವ ಎರಡು ಮೋಟಾರ್-ಜನರೇಟರುಗಳೇ ಆ ಕೆಲಸವನ್ನೆಲ್ಲ ಮಾಡುತ್ತವೆ. ಇಲ್ಲದ ಭಾಗ ಕೆಡುವುದಿಲ್ಲವಲ್ಲ! ಬ್ರೇಕ್ ಒತ್ತಿದಾಗ ಮೋಟಾರೇ ಗಾಡಿಯನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವುದರಿಂದ ಬ್ರೇಕ್ ಪ್ಯಾಡುಗಳೂ ಹೆಚ್ಚು ಕಾಲ ಬಾಳುತ್ತವೆ. ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡದೆ, ಪೂರ್ತಿ ಬರಿದಾಗಲೂ ಬಿಡದೆ ನಡುಮಟ್ಟದಲ್ಲೇ ಇಟ್ಟು ನಡೆಸುವುದು ಅದರ ದೀರ್ಘಾಯುಸ್ಸಿನ ಗುಟ್ಟು.

ಆದರೂ ವಯಸ್ಸಾದ ಹೈಬ್ರಿಡ್ ಅಂದರೆ ಎಲ್ಲರಿಗೂ ಬ್ಯಾಟರಿಯದೇ ಭಯ. ಊಹೆ ಬೇಡ, ಪರೀಕ್ಷೆ ಮಾಡಿಸಿ. ಹೈಬ್ರಿಡ್ ಗೊತ್ತಿರುವ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಬ್ಯಾಟರಿಯ ಒಂದೊಂದು ಭಾಗದ ವೋಲ್ಟೇಜನ್ನೂ ನೋಡುತ್ತಾರೆ. ಭಾಗಗಳ ನಡುವೆ ಅಂತರ ಜಾಸ್ತಿಯಿದ್ದರೆ ಯಾವುದೋ ಒಂದು ಸೊರಗುತ್ತಿದೆ ಎಂದರ್ಥ. ಚಾರ್ಜ್ ತೋರಿಸುವ ಗೆರೆಗಳು ಸರಸರನೆ ಏರಿಳಿಯುವುದು, ಮೊದಲಿಗಿಂತ ಹೆಚ್ಚು ಹೊತ್ತು ಎಂಜಿನ್ ಓಡುವುದು, ಮೈಲೇಜ್ ಇಳಿಯುವುದು ನಿಮ್ಮ ಕಣ್ಣಿಗೇ ಕಾಣುವ ಸೂಚನೆಗಳು. ಎಷ್ಟೋ ಕಂಪನಿಗಳು ಈ ಬ್ಯಾಟರಿಗೆ 8 ವರ್ಷದ ವಾರಂಟಿ ಕೊಡುತ್ತವೆ. ನಿಮ್ಮದರಲ್ಲಿ ಎಷ್ಟು ಉಳಿದಿದೆ ಎಂದು ಕಾಗದ ತೆಗೆದು ನೋಡಿ.

ನಮ್ಮ ಕಾರಿನ ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಸಣ್ಣ ಜಾಲರಿ ಇದೆ. ಬ್ಯಾಟರಿಯನ್ನು ತಂಪಾಗಿಡುವ ಫ್ಯಾನು ಕಾರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುವುದು ಅಲ್ಲಿಂದ. ಪರೀಕ್ಷೆಗೆ ಒಯ್ದಾಗ ಮೆಕ್ಯಾನಿಕ್ ಆ ಜಾಲರಿ ಬಿಚ್ಚಿ ಫಿಲ್ಟರ್ ಹೊರತೆಗೆದರು. ಮಕ್ಕಳ ಹೊದಿಕೆಯ ಎಳೆ, ಕೂದಲು, ಧೂಳು ಸೇರಿ ಬೂದು ಬಣ್ಣದ ಕಂಬಳಿಯ ತುಂಡಿನಂತಾಗಿತ್ತು. ಆ ಹೊದಿಕೆಯನ್ನು ನಾವೇ ತಿಂಗಳುಗಟ್ಟಲೆ ಜಾಲರಿಯ ಮೇಲೆ ತುರುಕಿಟ್ಟಿದ್ದೆವು. ಸೀಟಿನಲ್ಲಿ ಜಾಗ ಸಾಲದ್ದಕ್ಕೆ ಬ್ಯಾಟರಿಯ ಉಸಿರು ಕಟ್ಟಿಸಿದ್ದೆವು ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಪುಣ್ಯಕ್ಕೆ ಬ್ಯಾಟರಿಗೆ ಏನೂ ಆಗಿರಲಿಲ್ಲ.

ಹಂತ 5: ಪೆಟ್ರೋಲನ್ನು ಲೀಟರಿನಲ್ಲಿ ಲೆಕ್ಕ ಹಾಕಿ

ಮೈಲೇಜಿನ ಅಂಕಿ ದಾರಿ ತಪ್ಪಿಸುತ್ತದೆ. ಲೀಟರಿಗೆ 20 ಕಿ.ಮೀ. ಕೊಡುವ ಕಾರಿನಿಂದ 24 ಕೊಡುವ ಕಾರಿಗೆ ಬದಲಾದರೆ 12,000 ಕಿ.ಮೀ.ಗೆ ಉಳಿಯುವುದು 100 ಲೀಟರ್. 10ರಿಂದ 12ಕ್ಕೆ ಏರಿದರೆ ಉಳಿಯುವುದು 200 ಲೀಟರ್. ಮೈಲೇಜ್ ಕಡಿಮೆ ಇರುವ ಕಡೆ ಒಂದೊಂದು ಕಿ.ಮೀ.ಗೂ ತೂಕ ಹೆಚ್ಚು. ಆದ್ದರಿಂದ ದೊಡ್ಡ ಗಾಡಿ ನೋಡುವಾಗ “ಎರಡು ಕಿ.ಮೀ. ತಾನೇ ಕಡಿಮೆ” ಎಂದು ಬಿಟ್ಟುಬಿಡಬೇಡಿ.

ನಮ್ಮ ಲೆಕ್ಕ ಹೀಗಿತ್ತು. ವರ್ಷಕ್ಕೆ 12,000 ಕಿ.ಮೀ. ಓಡಾಟ. ಹಳೆಯ ಹೈಬ್ರಿಡ್ ಲೀಟರಿಗೆ 22ರಂತೆ 545 ಲೀಟರ್ ಕುಡಿಯುತ್ತಿತ್ತು. 11 ಕೊಡುವ ಬರೀ ಪೆಟ್ರೋಲಿನ ದೊಡ್ಡ ಗಾಡಿಗೆ 1,091 ಲೀಟರ್ ಬೇಕು. 16 ಕೊಡುವ ದೊಡ್ಡ ಹೈಬ್ರಿಡ್‌ಗೆ 750 ಸಾಕು. ಇದನ್ನು ನಿಮ್ಮ ಊರಿನ ಪೆಟ್ರೋಲ್ ದರದಿಂದ ಗುಣಿಸಿ, ಎಷ್ಟು ವರ್ಷ ಗಾಡಿ ಇಟ್ಟುಕೊಳ್ಳುತ್ತೀರೋ ಅಷ್ಟರಿಂದ ಮತ್ತೆ ಗುಣಿಸಿ. ಜಾಗ ಬೇಕೆಂದರೆ ಹೈಬ್ರಿಡ್ ಬಿಡಲೇಬೇಕು ಎಂದೇನಿಲ್ಲ, ಮೂರು ಸಾಲಿನ ಹೈಬ್ರಿಡ್‌ಗಳೂ ಈಗ ಇವೆ. ನಿಂತು ನಿಂತು ಸಾಗುವ ಪೇಟೆಯ ರಸ್ತೆಯಲ್ಲಿ ಹೈಬ್ರಿಡ್‌ನ ಲಾಭ ಹೆಚ್ಚು, ಒಂದೇ ಸಮನೆ ಓಡುವ ಹೆದ್ದಾರಿಯಲ್ಲಿ ಕಡಿಮೆ. ನಿಮ್ಮ ಓಡಾಟ ಯಾವುದೆಂದು ನೋಟ್‌ಬುಕ್ಕೇ ಹೇಳುತ್ತದೆ.

ಹಂತ 6: ಈಗ ಶೋರೂಮಿಗೆ, ಮನೆಮಂದಿಯೆಲ್ಲ

ಬರಿಗೈಯಲ್ಲಿ ಹೋಗಬೇಡಿ. ಮಕ್ಕಳ ಸೀಟು, ಮಡಚುವ ತಳ್ಳುಗಾಡಿ, ಊರುಗೋಲು, ದೊಡ್ಡ ಸೂಟ್‌ಕೇಸು, ಟೇಪು ಎಲ್ಲ ಒಯ್ಯಿರಿ. ಸಂಕೋಚ ಬೇಡ, ಎಷ್ಟೋ ವರ್ಷ ಓಡಿಸುವ ಗಾಡಿ ಅದು.

ಡಿಕ್ಕಿಯ ಲೀಟರ್ ಅಂಕಿ ನಂಬಿ ಎರಡು ಗಾಡಿಯನ್ನು ಹೋಲಿಸುವುದು ಕಷ್ಟ. ಜರ್ಮನಿಯ ವಾಹನ ಉದ್ಯಮದ ಸಂಘವಾದ ವಿಡಿಎಯ ವಿಧಾನದಲ್ಲಿ 20×10×5 ಸೆಂ.ಮೀ. ಅಳತೆಯ, ಅಂದರೆ ಒಂದೊಂದು ಲೀಟರಿನ ಇಟ್ಟಿಗೆಗಳನ್ನು ಜೋಡಿಸಿ ಎಣಿಸುತ್ತಾರೆ. ಕೆಲವರು ಕಿಟಕಿಯ ಮಟ್ಟದವರೆಗೆ ಅಳೆದರೆ, ಇನ್ನು ಕೆಲವರು ಛಾವಣಿಯವರೆಗೆ. ನಿಮ್ಮ ಸೂಟ್‌ಕೇಸು ಇಟ್ಟು ಬಾಗಿಲು ಹಾಕಿ ನೋಡುವುದೇ ಸರಿಯಾದ ಅಳತೆ. ಮೂರನೇ ಸಾಲು ಎತ್ತಿ ನಿಲ್ಲಿಸಿದಾಗ ಅದರ ಹಿಂದೆ ಏನು ಉಳಿಯುತ್ತದೆ ಎಂದು ತಪ್ಪದೆ ನೋಡಿ. ಏಳು ಜನ ಕೂತರೆ ಏಳು ಜನರ ಚೀಲಗಳಿಗೆ ಜಾಗವೇ ಇಲ್ಲದ ಗಾಡಿಗಳು ಬಹಳ.

ಮೂರನೇ ಸಾಲು ಎಂದಾಗ ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ಹಿಂದಕ್ಕೆ ದಾಟಲು ಎರಡನೇ ಸಾಲಿನ ಸೀಟನ್ನು ಮಡಚಬೇಕು. ಅದರ ಮೇಲೆ ಮಗುವಿನ ಸೀಟು ಬಿಗಿದಿದ್ದರೆ ಎಷ್ಟೋ ಗಾಡಿಗಳಲ್ಲಿ ಅದು ಮಡಚುವುದೇ ಇಲ್ಲ. ನಾವು ಮೊದಲು ಮೆಚ್ಚಿದ ಗಾಡಿಯಲ್ಲಿ ಹೀಗೇ ಆಯಿತು. ಸೀಟು ಬಿಗಿದು ನೋಡಿದರೆ ಹಿಂದಿನ ಸಾಲಿಗೆ ದಾರಿಯೇ ಇಲ್ಲ. ಎರಡನೇ ಸಾಲು ಎರಡು ಬಿಡಿ ಸೀಟುಗಳಾಗಿದ್ದು ನಡುವೆ ಓಡಾಡುವ ಜಾಗ ಇದ್ದರೆ ಈ ತೊಂದರೆ ಇಲ್ಲ.

ವಯಸ್ಸಾದವರನ್ನು ಹತ್ತಿಸಿ, ಇಳಿಸಿ ನೋಡಿ. ಸೀಟು ಅವರ ತೊಡೆಯ ಮಟ್ಟಕ್ಕಿದ್ದರೆ ಹಿಂದಕ್ಕೆ ಕೂತು ತಿರುಗಿದರೆ ಸಾಕು. ಎತ್ತರದ ಎಸ್‌ಯುವಿಗೆ ಕಾಲೆತ್ತಿ ಏರಬೇಕು, ತಗ್ಗಿನ ಕಾರಿನಿಂದ ಮೇಲೇಳಬೇಕು, ಎರಡೂ ಮಂಡಿಗೆ ಶಿಕ್ಷೆ. ಮೂರನೇ ಸಾಲಿನಲ್ಲಿ ಅರ್ಧ ತಾಸು ಕೂತು ಟೆಸ್ಟ್ ಡ್ರೈವ್ ಮಾಡಿಸಿ. ಮೊಣಕಾಲು ಎದೆಯ ಹತ್ತಿರ ಬರುತ್ತದೆಯೇ, ಎಸಿ ಗಾಳಿ ಅಲ್ಲಿಗೆ ತಲುಪುತ್ತದೆಯೇ, ಅಪಘಾತದಲ್ಲಿ ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಅಲ್ಲಿಯವರೆಗೆ ಇದೆಯೇ ಎಂದು ಕೇಳಿ ತಿಳಿಯಿರಿ.

ಹೊರಗಿನಿಂದ ದೊಡ್ಡದಾಗಿ ಕಾಣುವುದೆಲ್ಲ ಒಳಗೆ ದೊಡ್ಡದಲ್ಲ. ಅಷ್ಟೇ ಉದ್ದದ ಎಸ್‌ಯುವಿಗಿಂತ ಎಂಪಿವಿಯಲ್ಲಿ, ಅಂದರೆ ವ್ಯಾನಿನ ಆಕಾರದ ಕುಟುಂಬದ ಗಾಡಿಯಲ್ಲಿ, ಸಾಮಾನ್ಯವಾಗಿ ಕೂರುವವರಿಗೆ ಹೆಚ್ಚು ಜಾಗ ಸಿಗುತ್ತದೆ: ನೆಲ ತಗ್ಗು, ಛಾವಣಿ ಚಪ್ಪಟೆ. ಜಾರುವ ಬಾಗಿಲಿದ್ದರೆ ಇಕ್ಕಟ್ಟಿನ ಪಾರ್ಕಿಂಗ್‌ನಲ್ಲೂ ಮಗುವನ್ನು ಇಳಿಸುವುದು ಸಲೀಸು. ನೋಡಲು ಗತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಎಂಪಿವಿಯನ್ನು ಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮನೆಗೆ ಬಂದು ಗಾಡಿ ನಿಲ್ಲಿಸುವ ಜಾಗವನ್ನೂ ಅಳೆಯಿರಿ, ಕನ್ನಡಿ ಸೇರಿದ ಅಗಲಕ್ಕೆ ಬಾಗಿಲು ತೆರೆಯುವಷ್ಟು ಸೇರಿಸಿ.

ಹಂತ 7: ದುಡ್ಡಿನ ಮಾತು

ಎಕ್ಸ್‌ಚೇಂಜ್ ಮಾಡುವಾಗ ಹಳೆಯ ಕಾರಿಗೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಎರಡನ್ನೂ ಬೆರೆಸಿ ತಿಂಗಳ ಕಂತು ಮಾತ್ರ ಹೇಳಿದರೆ ಎಲ್ಲಿ ಕಳೆದುಕೊಂಡಿರಿ ಎಂದು ತಿಳಿಯುವುದಿಲ್ಲ. ಹೊಸ ಗಾಡಿಯ ಬೆಲೆ ಮೊದಲ ಕೆಲವು ವರ್ಷದಲ್ಲೇ ಹೆಚ್ಚು ಇಳಿಯುತ್ತದೆ, ಹಾಗಾಗಿ ಮೂರು ನಾಲ್ಕು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿಯನ್ನೂ ನೋಡಿ. ವಿಮೆ, ದೊಡ್ಡ ಟೈರು, ತೆರಿಗೆ ಇವನ್ನೂ ಕೂಡಿಸಿ.

ಎಷ್ಟು ದಿನ ಕೊರತೆಯಾದರೆ ಬದಲಿಸಬೇಕು? ತಿಂಗಳಿಗೆ ಒಂದು ದಿನಕ್ಕಿಂತ ಕಡಿಮೆಯಾದರೆ ಹೈಬ್ರಿಡ್ ಇಟ್ಟುಕೊಂಡು ಆ ದಿನಕ್ಕೆ ದೊಡ್ಡ ಗಾಡಿ ಬಾಡಿಗೆಗೆ ತನ್ನಿ ಎನ್ನುತ್ತೇನೆ. ವಾರಕ್ಕೊಂದು ದಿನಕ್ಕಿಂತ ಹೆಚ್ಚಾದರೆ ಬದಲಿಸಿ. ಎರಡರ ನಡುವೆ ಇದ್ದರೆ ಕೊರತೆ ಯಾರದು ಎಂದು ನೋಡಿ. ನಮ್ಮದು ನಡುವಿನ ಲೆಕ್ಕ. ಮಕ್ಕಳದ್ದೋ ಚೀಲದ್ದೋ ಆಗಿದ್ದರೆ ಇನ್ನೆರಡು ವರ್ಷ ತಳ್ಳುತ್ತಿದ್ದೆವು. ಮಂಡಿನೋವಿನ ಅತ್ತೆಯದ್ದು ಆದ್ದರಿಂದ ತಡಮಾಡಲಿಲ್ಲ, ಮೂರು ವರ್ಷ ಓಡಿದ ಹೈಬ್ರಿಡ್ ಎಂಪಿವಿ ತಂದೆವು. ಎರಡನೇ ಸಾಲಿನ ಬಿಡಿ ಸೀಟು ಅತ್ತೆಯದು.

ಹಂತ 8: ಹಳೆಯದನ್ನು ಕೊಡುವ ದಿನ

ಕಾರಿನಲ್ಲಿ ಉಳಿದಿರುವ ಫೋನಿನ ನಂಟು, ಮನೆಯ ವಿಳಾಸ ಅಳಿಸಿ. ಟೋಲ್ ಟ್ಯಾಗ್ ಬಿಚ್ಚಿಕೊಳ್ಳಿ. ಎರಡನೇ ಕೀಲಿ, ಸರ್ವೀಸ್ ದಾಖಲೆ, ಬ್ಯಾಟರಿ ಪರೀಕ್ಷೆಯ ವರದಿ ಒಂದೇ ಕವರಿನಲ್ಲಿ ಕೊಡಿ. ವರದಿ ಇದ್ದರೆ ಚೌಕಾಶಿಯಲ್ಲಿ ನಿಮ್ಮ ಮಾತಿಗೂ ಬಲ. ಮಾಲೀಕತ್ವ ಹೊಸಬರ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ. ಕೊಳ್ಳುವವರು ಮೊದಲ ಸಲ ಹೈಬ್ರಿಡ್ ಓಡಿಸುವವರಾದರೆ ಹಿಂದಿನ ಬಾಗಿಲು ತೆರೆದು, ಸೀಟಿನ ಪಕ್ಕದ ಆ ಜಾಲರಿಯನ್ನು ಕೈಯಾರೆ ತೋರಿಸಿ, ಅದರ ಮುಂದೆ ಚೀಲ, ಹೊದಿಕೆ ಏನನ್ನೂ ಇಡಬೇಡಿ ಎಂದು ಹೇಳಿ ಕಳಿಸಿ.